ಕಾರಿನ ಎಂಜಿನ್ ಮತ್ತೆ ಮತ್ತೆ ಕಾಯುವುದೇಕೆ?

ಬೇಸಿಗೆಯ ರಜೆ ಆರಂಭವಾಯಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿಯುತ್ತವೆ. ಉಡುಪಿ, ಮಂಗಳೂರುಗಳ ಕಡೆಯವರು ಪನ್ವೇಲಿನಿಂದ ಗೋವಾ ಹೆದ್ದಾರಿಗೆ ಇಳಿಯುತ್ತಾರೆ. ಬೆಳಗಾವಿ, ಹುಬ್ಬಳ್ಳಿಯ ಕಡೆಯವರು ಖಂಡಾಳಾ ಘಾಟಿಯನ್ನೇರಿ ಪುಣೆಯ ಮಾರ್ಗವಾಗಿ ಸಾಗುತ್ತಾರೆ. ಹಿಂದೆ ರೈಲು ಅಥವಾ ಬಸ್ಸನ್ನೇ ನಂಬಿದ್ದ ಇವರಲ್ಲಿ ಬಹಳ ಮಂದಿ ಇಂದು ಸ್ವಂತ ಕಾರಿನಲ್ಲಿ ಹೊರಡುತ್ತಾರೆ. ಐದು ಮಂದಿ ಪ್ರಯಾಣಿಕರು, ಡಿಕ್ಕಿಯ ತುಂಬ ಸಾಮಾನು, ಮೇ ತಿಂಗಳ ಬಿಸಿಲು, ಮೇಲಾಗಿ ಏರುದಾರಿ, ಇವೆಲ್ಲ ಒಂದಾದಾಗ ಘಾಟಿಯ ಬದಿಯಲ್ಲಿ ಬಾನೆಟ್ಟು ಎತ್ತಿಕೊಂಡು ಹಬೆಯುಗುಳುತ್ತ ನಿಂತ ಕಾರುಗಳು ಕಣ್ಣಿಗೆ ಬೀಳುತ್ತವೆ.

ಎಂಜಿನ್ ಒಮ್ಮೆ ಕಾದರೆ ಅದು ಆಕಸ್ಮಿಕವೆನ್ನಬಹುದು. ಮತ್ತೆ ಮತ್ತೆ ಕಾಯುತ್ತಿದ್ದರೆ ಮಾತ್ರ ಅದಕ್ಕೆ ನಿಶ್ಚಿತವಾದ ಕಾರಣವಿದ್ದೇ ಇರುತ್ತದೆ. ಆದರೆ ಕಾರಣವನ್ನು ಹುಡುಕದೆ ಒಂದಾದ ಮೇಲೊಂದರಂತೆ ಬಿಡಿಭಾಗಗಳನ್ನು ಬದಲಾಯಿಸುತ್ತ ಹೋಗುವುದೇ ನಮ್ಮಲ್ಲಿ ರೂಢಿಯಾಗಿದೆ. ಜ್ವರ ಬಂದವನಿಗೆ ಪರೀಕ್ಷೆಯಿಲ್ಲದೆ ಅಂಗಡಿಯ ಮಾತ್ರೆಗಳನ್ನೆಲ್ಲ ನುಂಗಿಸಿದಂತೆ ಇದು. ಹಣ ವ್ಯರ್ಥವಾಗುತ್ತದೆ, ಅದಕ್ಕಿಂತಲೂ ಮುಖ್ಯವಾಗಿ, ಈ ನಡುವೆ ಎಂಜಿನ್ನಿಗೆ ಸರಿಪಡಿಸಲಾಗದ ಹಾನಿ ಸಂಭವಿಸಬಹುದು. ಸಾಮಾನ್ಯ ವಾಹನ ಮಾಲೀಕನು ಬಾನೆಟ್ಟು ತೆರೆಯುವ ಮೊದಲೇ, ಕೇವಲ ಗಮನಿಸುವುದರಿಂದ, ದೋಷವು ಯಾವ ಕಡೆಗಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲನು. ಆ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಶಾಖದ ಲೆಕ್ಕ

ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಉರಿದಾಗ ಸುಮಾರು 8,000 ಕಿಲೋಕ್ಯಾಲೊರಿಗಳಷ್ಟು ಶಾಖ ಹೊರಬರುತ್ತದೆ. ಇದರಲ್ಲಿ ಗಾಲಿಗಳನ್ನು ತಿರುಗಿಸಲು ಉಪಯೋಗವಾಗುವುದು ಸ್ಥೂಲವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ. ಹೆಚ್ಚುಕಡಮೆ ಮೂರನೆಯ ಒಂದು ಭಾಗ ಹೊಗೆಯ ಕೊಳವೆಯ ಮೂಲಕ ಹೊರಟುಹೋಗುತ್ತದೆ. ಉಳಿದ ಭಾಗದ ಬಹುಪಾಲು ಸಿಲಿಂಡರಿನ ಗೋಡೆಗಳ ಮೂಲಕ ಸುತ್ತಲಿನ ನೀರನ್ನು ಸೇರುತ್ತದೆ. ಅಂದರೆ ಪ್ರತಿ ಲೀಟರ್ ಪೆಟ್ರೋಲಿಗೆ, 30 ಡಿಗ್ರಿಯಲ್ಲಿರುವ 30 ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಬಲ್ಲಷ್ಟು ಶಾಖವು ಆ ನೀರಿಗೆ ಬಂದು ಸೇರುತ್ತದೆ. ಸಣ್ಣ ಕಾರಿನ ಶೀತಕ ವ್ಯವಸ್ಥೆಯಲ್ಲಿ ಇರುವುದೋ ಕೇವಲ ನಾಲ್ಕೈದು ಲೀಟರ್ ದ್ರವ! ಒಳಬಂದ ಶಾಖವನ್ನು ಕ್ಷಣಕ್ಷಣವೂ ಗಾಳಿಗೆ ಒಪ್ಪಿಸುತ್ತಿದ್ದರೆ ಮಾತ್ರ ಎಂಜಿನ್ ಉಳಿಯುತ್ತದೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2,000 ಡಿಗ್ರಿಯನ್ನು ಮೀರುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನುಗಳೂ, ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ಡೂ ಅಲ್ಯುಮಿನಿಯಮ್ಮಿನವೇ ಆಗಿವೆ.

ಈ ಶಾಖವನ್ನು ಸಾಗಿಸುವ ವ್ಯವಸ್ಥೆ ಬಹಳ ಸರಳವಾದುದು. ವಾಟರ್ ಪಂಪು ನೀರನ್ನು ಎಂಜಿನ್ನಿನೊಳಗೆ ತಳ್ಳುತ್ತದೆ. ಕಾದ ನೀರು ರೇಡಿಯೇಟರಿನ ಸಪುರವಾದ ಕೊಳವೆಗಳಲ್ಲಿ ಹರಿಯುತ್ತದೆ. ಕೊಳವೆಗಳ ನಡುವಣ ತೆಳು ರೆಕ್ಕೆಗಳ ಮೇಲೆ ಗಾಳಿ ಹಾದು ಶಾಖವನ್ನು ಒಯ್ಯುತ್ತದೆ. ವೇಗವಾಗಿ ಚಲಿಸುವಾಗ ಗಾಳಿ ತಾನಾಗಿ ಬರುತ್ತದೆ; ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಫ್ಯಾನು ಅದನ್ನು ಎಳೆದು ತರುತ್ತದೆ. ಎಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಸುಮಾರು 82ರಿಂದ 88 ಡಿಗ್ರಿ ತಲುಪಿದೊಡನೆ ಬಾಗಿಲು ತೆರೆಯುವ ಮೇಣದ ಕವಾಟವೇ ಥರ್ಮೋಸ್ಟಾಟ್. ಕೊನೆಯದಾಗಿ ರೇಡಿಯೇಟರಿನ ಮುಚ್ಚಳ. ನೋಡಲು ಅಲ್ಪವಾದ ಈ ವಸ್ತು ಒಳಗಿನ ಒತ್ತಡವನ್ನು ಹೆಚ್ಚಿಸಿ ನೀರಿನ ಕುದಿಬಿಂದುವನ್ನು ಮೇಲೇರಿಸುತ್ತದೆ. ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿದ್ದರೆ, ಬರಿಯ ನೀರು ಕೂಡ 118 ಡಿಗ್ರಿಯ ಸುಮಾರಿಗೆ ಮಾತ್ರ ಕುದಿಯುತ್ತದೆ. ಮುಚ್ಚಳದ ರಬ್ಬರು ಹಳತಾಗಿ ಸೋರತೊಡಗಿದರೆ ಈ 18 ಡಿಗ್ರಿಗಳ ರಕ್ಷಣೆ ಇಲ್ಲವಾಗುತ್ತದೆ. ಆಗ ಉಳಿದೆಲ್ಲ ಭಾಗಗಳು ಸರಿಯಾಗಿದ್ದರೂ ಏರುದಾರಿಯಲ್ಲಿ ನೀರು ಕುದಿದು ಹೊರಚೆಲ್ಲುತ್ತದೆ. ಮುಚ್ಚಳವು ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗವೆಂಬುದನ್ನು ನೆನಪಿಡುವುದು ಒಳ್ಳೆಯದು.

ಮೊದಲ ಪ್ರಶ್ನೆ: ಯಾವಾಗ ಕಾಯುತ್ತದೆ?

ಎಂಜಿನ್ ಕಾಯುತ್ತದೆ ಎಂದಷ್ಟೇ ಹೇಳಿದರೆ ಯಾವ ಮಿಸ್ತ್ರಿಗೂ ಏನೂ ತಿಳಿಯದು. ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ, ಹೊರಟ ಎಷ್ಟು ಹೊತ್ತಿಗೆ, ಏರ್ ಕಂಡೀಷನರ್ ಚಾಲೂ ಇದ್ದಾಗಲೋ ಇಲ್ಲದಿದ್ದಾಗಲೋ ಎಂಬುದನ್ನು ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ. ಈ ದೃಷ್ಟಿಯಿಂದ ನೋಡಿದರೆ ಥಾಣೆ ಜಿಲ್ಲೆಯ ಮತ್ತು ಅದರ ಆಸುಪಾಸಿನ ರಸ್ತೆಗಳು ಒಂದು ಪ್ರಯೋಗಶಾಲೆಯಂತಿವೆ. ಕಲ್ಯಾಣ್–ಶಿಳಫಾಟಾ ರಸ್ತೆಯಲ್ಲಾಗಲಿ, ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಾಗಲಿ ವಾಹನಗಳು ಸಾಲುಗಟ್ಟಿ ಆಮೆಯ ವೇಗದಲ್ಲಿ ತೆವಳುವುದು ನಿತ್ಯದ ಅನುಭವ. ಥಾಣೆ–ಬೇಲಾಪುರ ರಸ್ತೆಯಲ್ಲಿ ಸಂಚಾರ ಸುಗಮವಾಗಿದ್ದಾಗ ಸಮತಟ್ಟಾದ ನೆಲದ ಮೇಲೆ ಸಮವೇಗದಲ್ಲಿ ಓಡಬಹುದು. ಖೋಪೋಲಿಯಿಂದ ಖಂಡಾಳಾಕ್ಕೆ ಏರುವ ಬೋರ್ ಘಾಟಿ, ಕಸಾರಾದಿಂದ ಇಗತ್ಪುರಿಗೆ ಏರುವ ಥಳ್ ಘಾಟಿ, ಕಲ್ಯಾಣದಿಂದ ಮುರಬಾಡಿನ ಮೂಲಕ ಸಾಗುವ ಮಾಳಶೇಜ್ ಘಾಟಿ, ಈ ಮೂರೂ ಎಂಜಿನ್ನಿನ ಸಾಮರ್ಥ್ಯವನ್ನು ಕಡೆಯವರೆಗೆ ಪರೀಕ್ಷಿಸುತ್ತವೆ. ಲೋಣಾವಳಾ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಬಹುಭಾಗವನ್ನು ಕಾರು ಕೆಲವೇ ಕಿಲೋಮೀಟರುಗಳಲ್ಲಿ ಏರಬೇಕಾಗುತ್ತದೆ.

ಈ ಮೂರು ಬಗೆಯ ರಸ್ತೆಗಳಲ್ಲಿ ಕಾರು ಎಲ್ಲಿ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂಬುದೇ ದೋಷವು ಗಾಳಿಯದೋ ನೀರಿನದೋ ಎಂಬುದನ್ನು ಬೇರ್ಪಡಿಸಿ ತೋರಿಸುತ್ತದೆ.

ನಿಂತಾಗ ಕಾಯುವ ಕಾರು

ಶಿಳಫಾಟಾದ ದಟ್ಟಣೆಯಲ್ಲಿ ಸೂಚಕದ ಮುಳ್ಳು ಏರುತ್ತ ಹೋಗಿ, ದಾರಿ ತೆರವಾಗಿ ಐವತ್ತು-ಅರವತ್ತು ಕಿಲೋಮೀಟರ್ ವೇಗ ಬಂದೊಡನೆ ತಾನಾಗಿ ಇಳಿದರೆ, ನೀರಿನ ಹರಿವು ಸರಿಯಾಗಿದೆ, ಗಾಳಿಯ ಎಳೆತದಲ್ಲಿ ಕೊರತೆಯಿದೆ ಎಂದು ತಿಳಿಯಬೇಕು. ಇಲ್ಲಿ ಮೊದಲ ಸಂಶಯ ಫ್ಯಾನಿನ ಮೇಲೆ.

ಹಳೆಯ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಿತ್ತು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಳ ಕಾಲ ಮುಂಬಯಿಯ ಟ್ಯಾಕ್ಸಿಯೆಂದೇ ಹೆಸರಾಗಿದ್ದ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿ ಸೇವೆಯಿಂದ ಪೂರ್ಣವಾಗಿ ನಿವೃತ್ತವಾಯಿತು. ಎಂಜಿನ್ ನಿಧಾನವಾದಾಗ ಅದರ ಫ್ಯಾನೂ ನಿಧಾನವಾಗುತ್ತಿತ್ತು. ಗಾಳಿ ಹೆಚ್ಚು ಬೇಕಾದ ವೇಳೆಯಲ್ಲೇ ಕಡಿಮೆ ಸಿಗುತ್ತಿತ್ತು. ಆದುದರಿಂದ ಅಂದಿನ ಚಾಲಕರು ದಟ್ಟಣೆಯಲ್ಲಿ ಗೇರು ತೆಗೆದು ಎಕ್ಸಲರೇಟರನ್ನು ತುಸು ಒತ್ತಿ ಹಿಡಿಯುತ್ತಿದ್ದರು. ಅದು ಅರ್ಥವಿಲ್ಲದ ಅಭ್ಯಾಸವಾಗಿರಲಿಲ್ಲ. 1983ರಲ್ಲಿ ಬಂದ ಮಾರುತಿ 800ರಿಂದ ಮೊದಲ್ಗೊಂಡು ಇಂದಿನ ಬಹುತೇಕ ಕಾರುಗಳಲ್ಲಿ ಫ್ಯಾನಿಗೆ ಪ್ರತ್ಯೇಕವಾದ ವಿದ್ಯುತ್ ಮೋಟಾರು ಇದೆ. ನೀರು ನಿಗದಿತ ಉಷ್ಣತೆ ತಲುಪಿದಾಗ ಅದು ತಾನಾಗಿ ಚಾಲೂ ಆಗುತ್ತದೆ. ಎಂಜಿನ್ನಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂತಹ ಕಾರಿನಲ್ಲಿ ನಿಂತಲ್ಲೇ ಎಂಜಿನ್ನನ್ನು ರಭಸವಾಗಿ ಓಡಿಸಿದರೆ ಫ್ಯಾನಿನ ಗಾಳಿ ಹೆಚ್ಚುವುದಿಲ್ಲ, ಉರಿಯುವ ಪೆಟ್ರೋಲು ಮಾತ್ರ ಹೆಚ್ಚುತ್ತದೆ. ತಂದೆಯಿಂದ ಕಲಿತ ಚಾಲನೆಯ ಪಾಠಗಳಲ್ಲಿ ಮಗ ಬಿಡಬೇಕಾದುದು ಇದೊಂದು.

ವಿದ್ಯುತ್ ಫ್ಯಾನನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ಚಾಲೂ ಇಟ್ಟು ಏರ್ ಕಂಡೀಷನರನ್ನು ಹಾಕಿದರೆ ಸಾಮಾನ್ಯವಾಗಿ ಫ್ಯಾನು ತಿರುಗತೊಡಗಬೇಕು. ತಿರುಗದಿದ್ದರೆ ಮೊದಲು ಫ್ಯೂಸು, ಅನಂತರ ರಿಲೇ, ಅದರ ಬಳಿಕ ಮೋಟಾರು, ಈ ಕ್ರಮದಲ್ಲಿ ನೋಡಿಸತಕ್ಕದ್ದು. ಮೋಟಾರಿನ ಬೆಲೆಗೆ ಹೋಲಿಸಿದರೆ ಫ್ಯೂಸಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಕೀಲಿ ತೆಗೆದ ಬಳಿಕವೂ ಕೆಲವು ಕಾರುಗಳಲ್ಲಿ ಫ್ಯಾನು ಹಠಾತ್ತನೆ ತಿರುಗಬಹುದಾದ್ದರಿಂದ ಅದರ ಸಮೀಪ ಕೈಯನ್ನಾಗಲಿ, ಸೆರಗು-ದುಪಟ್ಟಾಗಳನ್ನಾಗಲಿ ಒಯ್ಯಬಾರದು.

ಫ್ಯಾನು ತಿರುಗುತ್ತಿದ್ದರೂ ಕಾಯುತ್ತಿದ್ದರೆ ರೆಕ್ಕೆಗಳ ನಡುವೆ ಗಾಳಿಗೆ ದಾರಿಯಿದೆಯೇ ಎಂದು ನೋಡಬೇಕು. ಏರ್ ಕಂಡೀಷನರ್ ಇರುವ ಕಾರಿನಲ್ಲಿ ಅದರ ಕಂಡೆನ್ಸರು ರೇಡಿಯೇಟರಿನ ಮುಂದುಗಡೆ ಅಂಟಿಕೊಂಡಂತೆ ಇರುತ್ತದೆ. ಇವೆರಡರ ನಡುವಣ ಸಂದಿಯಲ್ಲಿ ಧೂಳು, ಒಣ ಎಲೆ, ಕೀಟಗಳು, ಪ್ಲಾಸ್ಟಿಕ್ ಚೀಲದ ಚೂರುಗಳು ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಶುಭ್ರವಾಗಿಯೇ ಕಾಣುತ್ತದೆ. ಈ ಪ್ರದೇಶದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಉಲ್ಹಾಸ್ ಮತ್ತು ವಾಲಧುನಿ ನದಿಗಳು ಉಕ್ಕಿದಾಗ ಕಲ್ಯಾಣದ ತಗ್ಗು ಪ್ರದೇಶಗಳು ಜಲಾವೃತವಾಗುತ್ತವೆ. 2005ರ ಜುಲೈ 26ರ ಮಹಾಮಳೆಯನ್ನು ಇಲ್ಲಿಯವರು ಮರೆತಿಲ್ಲ. ಕೆಸರು ನೀರಿನಲ್ಲಿ ಸಾಗಿದ ಕಾರಿನ ರೆಕ್ಕೆಗಳ ನಡುವೆ ಕುಳಿತ ಹೂಳು ಮಳೆಗಾಲದ ತಂಪಿನಲ್ಲಿ ತೊಂದರೆ ಕೊಡದೆ ಅಡಗಿದ್ದು, ಮಾರ್ಚ್ ತಿಂಗಳಿನಲ್ಲಿ ತನ್ನ ಇರವನ್ನು ತೋರಿಸುತ್ತದೆ. ಆಗ ಮಳೆಯ ನೆನಪು ಯಾರಿಗೂ ಬರುವುದಿಲ್ಲ! ಒಳಗಡೆಯಿಂದ ಹೊರಕ್ಕೆ, ಕಡಿಮೆ ರಭಸದ ನೀರಿನಿಂದ ತೊಳೆದರೆ ಹೂಳು ಬಿಡುತ್ತದೆ. ಸರ್ವಿಸ್ ಸ್ಟೇಷನ್ನಿನ ಬಲವಾದ ನೀರಿನ ಧಾರೆ ಮೃದುವಾದ ರೆಕ್ಕೆಗಳನ್ನು ಮಡಚಿ ಇದ್ದ ದಾರಿಯನ್ನೂ ಮುಚ್ಚಬಹುದು. ಇದಲ್ಲದೆ ವಾಶಿ, ಐರೋಲಿಗಳಂತಹ ಖಾಡಿಯ ತಡಿಯಲ್ಲಿ ಉಪ್ಪುಗಾಳಿಗೆ ಒಡ್ಡಿಕೊಂಡಿರುವ ಕಾರುಗಳಲ್ಲಿ ಈ ರೆಕ್ಕೆಗಳು ವರ್ಷ ಕಳೆದಂತೆ ಸವೆದು, ಮುಟ್ಟಿದರೆ ಉದುರುವಂತಾಗುವುದೂ ಉಂಟು. ಕೊಳವೆ ಸೋರದಿದ್ದರೂ ರೆಕ್ಕೆಯಿಲ್ಲದ ರೇಡಿಯೇಟರು ಶಾಖವನ್ನು ಬಿಟ್ಟುಕೊಡಲಾರದು.

ಏರಿನಲ್ಲಿ ಕಾಯುವ ಕಾರು

ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತರೂ ಕಾಯದ ಕಾರು ಘಾಟಿಯಲ್ಲಿ ಅಥವಾ ಹೆದ್ದಾರಿಯ ವೇಗದಲ್ಲಿ ಕಾದರೆ ಚಿತ್ರವು ತಿರುಗುಮುರುಗಾಗುತ್ತದೆ. ಇಲ್ಲಿ ಗಾಳಿಗೆ ಕೊರತೆಯಿಲ್ಲ. ಎಂಜಿನ್ ಹೆಚ್ಚು ಇಂಧನ ಉರಿಸುತ್ತಿರುವಾಗ ಬಂದು ಸೇರುವ ಶಾಖವನ್ನು ಸಾಗಿಸುವಷ್ಟು ನೀರು ಹರಿಯುತ್ತಿಲ್ಲ, ಅಥವಾ ಹರಿದರೂ ರೇಡಿಯೇಟರಿನಲ್ಲಿ ತಂಪಾಗುತ್ತಿಲ್ಲ.

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಡೊಂಬಿವಲಿಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಹಳೆಯ ಒಂದು ಸಣ್ಣ ಕಾರು ಇತ್ತು. ದಿನವೂ ಶಿಳಫಾಟಾದ ಮೂಲಕ ನವಿ ಮುಂಬಯಿಗೆ ಹೋಗಿಬರುತ್ತಿತ್ತು, ಒಂದು ದಿನವೂ ಕಾದದ್ದಿಲ್ಲ. ಆದರೆ ಒಂದು ಎಪ್ರಿಲ್ ತಿಂಗಳಲ್ಲಿ ಮದುವೆಯೊಂದಕ್ಕಾಗಿ ಪುಣೆಗೆ ಹೊರಟಾಗ ಖೋಪೋಲಿ ದಾಟಿದ ಸ್ವಲ್ಪ ಹೊತ್ತಿಗೆ ಮುಳ್ಳು ಕೆಂಪಿನತ್ತ ಏರಿತು. ಹಿಂತಿರುಗಿದ ಬಳಿಕ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಬದಲಾಯಿಸಿದರು. ಮುಂದಿನ ಪ್ರಯಾಣದಲ್ಲೂ ಕಾಯಿತು. ಎರಡನೆಯ ಗ್ಯಾರೇಜಿನಲ್ಲಿ ಫ್ಯಾನಿನ ಮೋಟಾರನ್ನೂ, ಮೂರನೆಯ ಕಡೆ ವಾಟರ್ ಪಂಪನ್ನೂ ಬದಲಾಯಿಸಿದ್ದಾಯಿತು. ಪ್ರತಿ ಬಾರಿಯೂ ಗ್ಯಾರೇಜಿನ ಅಂಗಳದಲ್ಲಿ ಅರ್ಧ ಗಂಟೆ ಎಂಜಿನ್ ಚಾಲೂ ಇಟ್ಟು, ‘ನೋಡಿ, ಕಾಯುತ್ತಿಲ್ಲ’ ಎಂದು ಕಾರನ್ನು ಒಪ್ಪಿಸುತ್ತಿದ್ದರು. ಅಂಗಳದಲ್ಲಿ ಅದು ಎಂದೂ ಕಾದಿರಲೇ ಇಲ್ಲ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪಿನಲ್ಲಿ ನನ್ನ ಪಾಲು ಕಡಿಮೆಯೇನೂ ಇರಲಿಲ್ಲ.

ಕೊನೆಗೆ ಕಲ್ಯಾಣದಲ್ಲಿ ರೇಡಿಯೇಟರ್ ಕೆಲಸವನ್ನಷ್ಟೇ ಮಾಡುವ ವೃದ್ಧ ಮಿಸ್ತ್ರಿಯೊಬ್ಬರು ಬಾನೆಟ್ಟು ತೆರೆಯುವ ಮುನ್ನವೇ ‘ಎಲ್ಲಿ ಕಾಯುತ್ತದೆ?’ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಎಂಜಿನ್ನನ್ನು ಬಿಸಿ ಮಾಡಿಸಿ, ನಿಲ್ಲಿಸಿ, ಫ್ಯಾನಿನ ತಂತಿಯನ್ನು ಬಿಚ್ಚಿ, ರೇಡಿಯೇಟರಿನ ಮೈಮೇಲೆ ಅಂಗೈಯನ್ನು ಮೆಲ್ಲನೆ ಆಡಿಸಿದರು. ಕೆಲವು ಕಡೆ ಬಿಸಿ, ಕೆಲವು ಕಡೆ ತಣ್ಣಗೆ. ತಣ್ಣಗಿದ್ದ ಕೊಳವೆಗಳಲ್ಲಿ ನೀರೇ ಹರಿಯುತ್ತಿರಲಿಲ್ಲ. ರೇಡಿಯೇಟರನ್ನು ಬಿಚ್ಚಿದಾಗ ಕೊಳವೆಗಳ ಬಾಯಿಯಲ್ಲಿ ಕಂದು ಬಣ್ಣದ ಗಟ್ಟಿಯಾದ ಪದರವು ಕಾಣಿಸಿತು. ವರ್ಷಗಳಿಂದ ಕಟ್ಟಡದ ಕೊಳವೆಬಾವಿಯ ನೀರನ್ನೇ ನಾನು ತುಂಬುತ್ತ ಬಂದಿದ್ದೆ. ದಟ್ಟಣೆಯಲ್ಲಿ ಎಂಜಿನ್ ಉತ್ಪಾದಿಸುವ ಸ್ವಲ್ಪ ಶಾಖಕ್ಕೆ ಉಳಿದರ್ಧ ಕೊಳವೆಗಳು ಸಾಲುತ್ತಿದ್ದವು. ಘಾಟಿಯ ಶಾಖಕ್ಕೆ ಸಾಲುತ್ತಿರಲಿಲ್ಲ. ಹೊಸ ರೇಡಿಯೇಟರು ಹಾಕಿದ ಬಳಿಕ ಅದೇ ಕಾರು ಮಾಳಶೇಜ್ ಘಾಟಿಯನ್ನೂ ಹತ್ತಿತು.

ಗಡಸು ನೀರಿನ ಸುಣ್ಣದ ಅಂಶವು ಕಾದಾಗ ಗೋಡೆಗೆ ಅಂಟಿ ಪದರಗಟ್ಟುತ್ತದೆ. ಸ್ನಾನದ ಮನೆಯ ಗೀಸರಿನಲ್ಲೂ, ಚಹಾ ಕಾಸುವ ಪಾತ್ರೆಯಲ್ಲೂ ಇದನ್ನು ಗೃಹಿಣಿಯರು ಕಂಡಿರುತ್ತಾರೆ. ಈ ಪದರವು ಬೀಡು ಕಬ್ಬಿಣಕ್ಕಿಂತಲೂ ಹತ್ತಾರು ಪಟ್ಟು ಕಡಿಮೆ ಶಾಖವಾಹಕವಾದುದು. ರೇಡಿಯೇಟರಿಗೆ ತುಂಬಬೇಕಾದುದು ಶುದ್ಧೀಕರಿಸಿದ, ಲವಣರಹಿತ ನೀರು ಮತ್ತು ಕೂಲೆಂಟ್ ಇವುಗಳ ಮಿಶ್ರಣ. ಕೂಲೆಂಟ್ ಹಿಮ ಬೀಳುವ ದೇಶಗಳಿಗೆ ಮಾತ್ರ ಬೇಕಾದುದು, ಕೊಂಕಣದ ಸೆಕೆಯಲ್ಲಿ ಅದರ ಅಗತ್ಯವೇನು ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಗುಣಗಳಲ್ಲಿ ಒಂದು ಮಾತ್ರ. ಕುದಿಬಿಂದುವನ್ನು ಏರಿಸುವುದೂ, ಲೋಹದ ಭಾಗಗಳು ತುಕ್ಕು ಹಿಡಿಯದಂತೆ ಕಾಪಾಡುವುದೂ ನಮಗೆ ಹೆಚ್ಚು ಪ್ರಯೋಜನಕಾರಿಯಾದ ಗುಣಗಳು. ತುಕ್ಕುನಿರೋಧಕ ಅಂಶಗಳು ಕಾಲಕ್ರಮದಲ್ಲಿ ಸವೆಯುವುದರಿಂದ ತಯಾರಕರ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಅದನ್ನು ಬದಲಾಯಿಸಬೇಕು. ಹಾಗೆಂದು ನೀರು ಬೆರೆಸದ ಗಟ್ಟಿ ಕೂಲೆಂಟನ್ನೇ ತುಂಬಿದರೆ ಇನ್ನೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಶಾಖವನ್ನು ಹೊರುವ ಶಕ್ತಿ ಅದಕ್ಕೆ ನೀರಿಗಿಂತ ಕಡಿಮೆ. ಬೆರೆಸಿಯೇ ಮಾರುವ ದ್ರವಕ್ಕೆ ಮತ್ತೆ ನೀರು ಸೇರಿಸಬಾರದು. ಡಬ್ಬಿಯ ಮೇಲಿನ ಸೂಚನೆಯನ್ನು ಓದುವುದು ಅಗತ್ಯ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬಾರದು. ಮಕ್ಕಳಿಗೂ ಬೀದಿಯ ಪ್ರಾಣಿಗಳಿಗೂ ನಿಲುಕುವಂತೆ ಚೆಲ್ಲಬಾರದು.

ಏರಿನಲ್ಲಿ ಕಾಯುವುದಕ್ಕೆ ಬೇರೆ ಕಾರಣಗಳೂ ಇವೆ. ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಪಂಪಿನ ಹೀರುವ ಕಡೆಗಿರುತ್ತದೆ. ರಬ್ಬರು ಮೆತ್ತಗಾಗಿದ್ದರೆ ಎಂಜಿನ್ ವೇಗವಾಗಿ ತಿರುಗುವಾಗ ಅದು ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿಯನ್ನು ಮುಚ್ಚುತ್ತದೆ. ವೇಗ ಕಡಿಮೆಯಾದೊಡನೆ ಮತ್ತೆ ದುಂಡಗಾಗುವುದರಿಂದ ಗ್ಯಾರೇಜಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪಂಪಿನ ಒಳಗಿನ ರೆಕ್ಕೆಗಳು ತುಕ್ಕಿನಿಂದ ಸವೆದಿರಬಹುದು. ಬೆಲ್ಟು ಸಡಿಲವಾಗಿ ಜಾರುತ್ತಿರಬಹುದು. ಬ್ರೇಕು ಪೂರ್ತಿ ಬಿಡದೆ ಗಾಲಿಯನ್ನು ಹಿಡಿದುಕೊಂಡಿದ್ದರೂ ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ. ಪ್ರಯಾಣದ ಬಳಿಕ ಒಂದು ಗಾಲಿ ಮಾತ್ರ ವಿಪರೀತ ಬಿಸಿಯಾಗಿದ್ದರೆ ಈ ಸಂಶಯ ಸರಿಯಾದುದು.

ಥರ್ಮೋಸ್ಟಾಟನ್ನು ಕಿತ್ತೆಸೆಯುವ ರೂಢಿ

ಡೊಂಬಿವಲಿಯಲ್ಲಿ ಮನೆಯಿಂದ ಸ್ಟೇಷನ್ನಿಗೆ ಹೋಗುವಷ್ಟು ಅಲ್ಪ ದೂರದಲ್ಲೇ, ಬೆಳಗಿನ ತಂಪಿನಲ್ಲೂ, ಹೊರಟ ಐದು-ಹತ್ತು ನಿಮಿಷಗಳಲ್ಲಿ ಮುಳ್ಳು ನೇರವಾಗಿ ಏರಿದರೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಇಂತಹ ವೇಳೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಸುಡುತ್ತಿದ್ದು, ಕೆಳಗಿನದು ತಣ್ಣಗೇ ಉಳಿದಿರುವುದನ್ನು ಕೆಲವು ಕಾರುಗಳಲ್ಲಿ ಕಾಣಬಹುದು. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲೆ ಕಾಯಿಸಿದರೆ ಅದು ತೆರೆಯುತ್ತದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಅದಕ್ಕಾಗಿ ಅಡುಗೆಯ ಪಾತ್ರೆಯನ್ನು ಬಳಸಬಾರದು.

‘ನಮ್ಮದು ಉಷ್ಣ ಪ್ರದೇಶ, ಇಲ್ಲಿ ಥರ್ಮೋಸ್ಟಾಟ್ ಬೇಕಿಲ್ಲ’ ಎಂದು ಅದನ್ನು ಕಿತ್ತೆಸೆಯುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿ ಬೇರೂರಿದೆ. ಇದು ಸರಿಯಲ್ಲ. ತಕ್ಕ ಉಷ್ಣತೆಗೆ ಬಾರದ ಎಂಜಿನ್ನಿನಲ್ಲಿ ಇಂಧನ ಪೂರ್ಣವಾಗಿ ಉರಿಯುವುದಿಲ್ಲ, ಎಣ್ಣೆ ತೆಳುವಾಗುವುದಿಲ್ಲ, ಸವೆತ ಹೆಚ್ಚುತ್ತದೆ. ಇಂಧನ ಪೂರೈಕೆಯನ್ನು ಕಂಪ್ಯೂಟರು ನಿಯಂತ್ರಿಸುವ ಇಂದಿನ ಕಾರುಗಳಲ್ಲಿ ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಅದು ಹೆಚ್ಚು ಪೆಟ್ರೋಲನ್ನೇ ಬಿಡುತ್ತಿರುತ್ತದೆ. ಇನ್ನೂ ವಿಚಿತ್ರವಾದುದೆಂದರೆ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅಡ್ಡದಾರಿಯ ಕೊಳವೆಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತ ಏರುದಾರಿಯಲ್ಲಿ ಕಾಯುವುದು ಮತ್ತಷ್ಟು ಹೆಚ್ಚಾಗುತ್ತದೆ.

ಕಾಣದಂತೆ ಮಾಯವಾಗುವ ನೀರು

ವಾರಕ್ಕೊಮ್ಮೆ ನೀರು ತುಂಬಬೇಕಾಗಿ ಬಂದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಒಂದು ರಟ್ಟನ್ನು ಹಾಸಿಟ್ಟು ಬೆಳಿಗ್ಗೆ ನೋಡಿದರೆ ಹನಿಯ ಗುರುತು ಸೋರಿಕೆಯ ಜಾಗವನ್ನು ಹೇಳುತ್ತದೆ. ಹೊರಗೆಲ್ಲೂ ಸೋರಿಕೆಯಿಲ್ಲದೆ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ವಿಷಯ ಗಂಭೀರವಾದುದು. ಎಂಜಿನ್ ಬ್ಲಾಕು ಮತ್ತು ಹೆಡ್ಡುಗಳ ನಡುವೆ ಇರುವ ಗ್ಯಾಸ್ಕೆಟ್ ಬಿರಿದಿದ್ದರೆ ನೀರು ಸಿಲಿಂಡರಿಗೆ ನುಗ್ಗಿ ಹಬೆಯಾಗಿ ಹೋಗುತ್ತದೆ. ಉರಿಯುವ ಅನಿಲವು ನೀರಿಗೆ ನುಗ್ಗುತ್ತದೆ. ಬಿಸಿಯಾದ ಬಳಿಕವೂ ನಿಲ್ಲದ ಬಿಳಿ ಹೊಗೆ, ಎಣ್ಣೆ ನೋಡುವ ಕಡ್ಡಿಯಲ್ಲಿ ಹಾಲು ಬೆರೆತಂತಹ ಬಣ್ಣ, ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ ಕಲ್ಲಿನಂತೆ ಬಿಗಿಯಾಗುವ ಮೇಲಿನ ಹೋಸ್ ಪೈಪು, ನೀರಿನಲ್ಲಿ ಎಡೆಬಿಡದೆ ಏಳುವ ಗುಳ್ಳೆ, ಇವುಗಳಲ್ಲಿ ಯಾವುದೊಂದು ಕಂಡರೂ ಕಾರನ್ನು ಓಡಿಸುವುದು ನಿಲ್ಲಿಸತಕ್ಕದ್ದು. ಎಣ್ಣೆಯಲ್ಲಿ ನೀರು ಬೆರೆತರೆ ಬೇರಿಂಗುಗಳು ಹಾಳಾಗುತ್ತವೆ. ಗ್ಯಾಸ್ಕೆಟ್ ಬಿಚ್ಚುವುದು ದೊಡ್ಡ ಕೆಲಸವಾದುದರಿಂದ, ಅದಕ್ಕೆ ಮುನ್ನ ನೀರಿನಲ್ಲಿ ಹೊಗೆಯ ಅನಿಲವಿದೆಯೇ ಎಂದು ತೋರಿಸುವ ರಾಸಾಯನಿಕ ಪರೀಕ್ಷೆಯನ್ನು ಮಾಡಿಸಬೇಕೆಂದು ಕೇಳುವ ಹಕ್ಕು ಮಾಲೀಕನಿಗಿದೆ. ಅನಿಲವಿದ್ದರೆ ನೀಲಿ ದ್ರವವು ಹಳದಿಗೆ ತಿರುಗುತ್ತದೆ.

ಇಲ್ಲಿ ಒಂದು ಮೋಸವನ್ನೂ ತಿಳಿದಿರಬೇಕು. ನೀರು ಪೂರ್ತಿ ಖಾಲಿಯಾದಾಗ ಉಷ್ಣತೆಯನ್ನು ಅಳೆಯುವ ಸಂವೇದಕವು ನೀರಿಲ್ಲದೆ ಬರಿಯ ಗಾಳಿಯಲ್ಲಿ ಉಳಿಯುತ್ತದೆ. ಆಗ ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಬಹುದು. ಕಷ್ಟ ಕಳೆಯಿತೆಂದು ಸಂತೋಷಪಡುವ ಆ ನಿಮಿಷದಲ್ಲೇ ಎಂಜಿನ್ ನಾಶವಾಗುತ್ತಿರುತ್ತದೆ. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳಿನ ಸೂಚಕವೇ ಇಲ್ಲ, ಒಂದು ಕೆಂಪು ದೀಪ ಮಾತ್ರ ಇದೆ. ಅದು ಹೊತ್ತಿಕೊಳ್ಳುವುದು ಅಪಾಯ ಬಂದ ಮೇಲೆ. ಆದ್ದರಿಂದ ಕೆಂಪು ದೀಪ ಕಂಡು ‘ಮುಂದಿನ ಪೆಟ್ರೋಲ್ ಪಂಪಿನವರೆಗೆ ಹೋಗೋಣ’ ಎನ್ನುವುದು ಸಲ್ಲದು.

ದಾರಿಯಲ್ಲಿ ಕಾದಾಗ

ಮುಳ್ಳು ಏರತೊಡಗಿದ್ದು ಇನ್ನೂ ಕೆಂಪನ್ನು ಮುಟ್ಟದಿದ್ದರೆ ಏರ್ ಕಂಡೀಷನರನ್ನು ನಿಲ್ಲಿಸಬೇಕು. ಹೀಟರ್ ಇರುವ ಕಾರಾದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿಯನ್ನು ಹೆಚ್ಚಿಸಬೇಕು. ಸೆಕೆಯಲ್ಲಿ ಇದು ಶಿಕ್ಷೆಯಂತೆ ತೋರಿದರೂ, ಹೀಟರೆಂಬುದು ವಾಸ್ತವವಾಗಿ ಇನ್ನೊಂದು ಸಣ್ಣ ರೇಡಿಯೇಟರೇ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ, ಅವಸರವಿಲ್ಲದೆ ಏರಬೇಕು. ಕೆಂಪು ಮುಟ್ಟಿದರೆ ಸುರಕ್ಷಿತವಾದ ಬದಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಚ್ಚರಿಕೆಯ ದೀಪಗಳನ್ನು ಹಾಕಿ, ಪ್ರಯಾಣಿಕರನ್ನು ರಸ್ತೆಯಿಂದ ದೂರಕ್ಕೆ ಇಳಿಸಬೇಕು. ದ್ರುತಗತಿ ಮಾರ್ಗದಲ್ಲಿ ಕಾರಿನ ಹಿಂದೆ ನಿಲ್ಲುವುದು ಎಂಜಿನ್ನಿನ ಬಿಸಿಗಿಂತಲೂ ದೊಡ್ಡ ಅಪಾಯ.

ಇದಾದ ಮೇಲೆ ಕಾಯಬೇಕು. ಅರ್ಧ ಗಂಟೆಯಾದರೂ ಮುಚ್ಚಳವನ್ನು ಮುಟ್ಟಬಾರದು. ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. 118 ಡಿಗ್ರಿಯಲ್ಲಿ ಒತ್ತಡದಿಂದ ಹಿಡಿದಿಟ್ಟ ಐದು ಲೀಟರ್ ನೀರಿನ ಮುಚ್ಚಳವನ್ನು ತೆರೆದೊಡನೆ ಅದರಲ್ಲಿ ಸುಮಾರು 160 ಗ್ರಾಂ ನೀರು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ಅಷ್ಟು ನೀರಿನ ಹಬೆಗೆ ಬೇಕಾಗುವ ಜಾಗ 250 ಲೀಟರಿಗೂ ಹೆಚ್ಚು. ಆ ಹಬೆಯು ಕುದಿನೀರನ್ನೂ ಹೊತ್ತುಕೊಂಡು ಬಗ್ಗಿ ನೋಡುತ್ತಿರುವವನ ಮುಖಕ್ಕೇ ನುಗ್ಗುತ್ತದೆ. ಮೇಲಿನ ಹೋಸ್ ಪೈಪನ್ನು ಬಟ್ಟೆಯ ಮೂಲಕ ಒತ್ತಿದಾಗ ಅದು ಮೆತ್ತಗಿದ್ದು, ಕೈಗೆ ಸಹಿಸುವಷ್ಟು ಆರಿರಬೇಕು. ಅನಂತರ ದಪ್ಪ ಬಟ್ಟೆ ಹಿಡಿದು, ಮುಖವನ್ನು ಹಿಂದಕ್ಕಿಟ್ಟು, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಒತ್ತಡ ಹೊರಹೋದ ಮೇಲೆ ಪೂರ್ತಿ ತೆರೆಯಬೇಕು.

ಒಂದು ವೇಳೆ ಮೈ ಸುಟ್ಟರೆ ಸುಟ್ಟ ಭಾಗವನ್ನು ಕೂಡಲೇ 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಬೇಕು; ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ, ಎಣ್ಣೆ ಇವುಗಳಲ್ಲಿ ಯಾವುದನ್ನೂ ಹಚ್ಚದೆ, ಮುಖ ಅಥವಾ ಕಣ್ಣಿಗೆ ತಗುಲಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸತಕ್ಕದ್ದು.

ಎಂಜಿನ್ ಆರಿದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. ಕಾದ ಲೋಹದ ಮೇಲೆ ತಣ್ಣೀರನ್ನು ಒಮ್ಮೆಗೇ ಸುರಿದರೆ ಹೆಡ್ಡು ಬಾಗಬಹುದು, ಬ್ಲಾಕು ಬಿರಿಯಬಹುದು. ಬಾನೆಟ್ಟಿನ ಮೇಲಿಂದ ಕೊಡ ಸುರಿಯುವುದಂತೂ ಕೂಡದು. ಬೇರೆ ದಾರಿಯಿಲ್ಲದಿದ್ದಾಗ ಕುಡಿಯುವ ನೀರನ್ನು ಹಾಕಿ ಊರು ಸೇರಬಹುದು. ಊರು ಸೇರಿದ ಬಳಿಕ ಅದನ್ನು ಬಸಿದು ಸರಿಯಾದ ಮಿಶ್ರಣವನ್ನು ತುಂಬಿಸಬೇಕು, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಿಸಬೇಕು. ಮಿಸ್ತ್ರಿಯ ಬಳಿಗೆ ಹೋಗುವಾಗ, ಕಾದ ಸ್ಥಳ, ಆಗಿನ ವೇಗ, ಹೊರಟು ಕಳೆದಿದ್ದ ಹೊತ್ತು, ತುಂಬಿದ ನೀರಿನ ಪ್ರಮಾಣ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ.